ಹತ್ತಾದ ಕಾಲುವೆಗೆ ನಾನು ಕಟ್ಟಿದ ಕಟ್ಟ

ಕರಾಮ

ದುಬೈ ವಿಮಾನ ನಿಲ್ದಾಣದಲ್ಲಿ ನನ್ನ ಗೋಣಿಚೀಲವನ್ನು ತಡೆದು ನಿಲ್ಲಿಸಿದರು. ಬಾಯಿ ಹೊಲಿದ ಚೀಲ, ಒಳಗೆ ಕುಚ್ಚಲಕ್ಕಿ. ಊರಿನಿಂದ ಹೊರಡುವಾಗ ಹೆಡ್‌ಮಾಷ್ಟ್ರು ಅದರ ಮೇಲೆ ನೀಲಿ ಬಣ್ಣದಲ್ಲಿ ‘ಜಲಜ’ ಎಂದು ದೊಡ್ಡದಾಗಿ ಬರೆದುಕೊಟ್ಟಿದ್ದರು. ಅವರ ಶಾಲೆಯಲ್ಲಿಯೇ ನಾನು ಹದಿನಾರು ವರ್ಷ ಬಿಸಿಯೂಟ ಬೇಯಿಸಿದ್ದು. ಮೆಷಿನ್ನಿನಲ್ಲಿ ಚೀಲ ಹೋದಾಗ ಅಕ್ಕಿಯ ನಡುವೆ ಏನೋ ದುಂಡಗೆ, ಕಪ್ಪಗೆ ಕಂಡಿತಂತೆ. ಬಿಚ್ಚಿ ಎಂದರು. ಬಿಚ್ಚಿದರೆ ನೀರುದೋಸೆಯ ಕಬ್ಬಿಣದ ಕಾವಲಿ!

ಆಫೀಸರ್ ಹುಡುಗಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನನ್ನನ್ನು ನೋಡಿದಳು. ನನಗೆ ಇಂಗ್ಲಿಷ್ ಇಲ್ಲ, ಅವಳಿಗೆ ತುಳು ಇಲ್ಲ. ನಾನು ಗಾಳಿಯಲ್ಲೇ ಹಿಟ್ಟು ಹೊಯ್ದು, ಬಾಯಲ್ಲಿ ‘ಚುಂಯ್’ ಅಂದು, ದೋಸೆ ಮಡಚಿ ಅವಳ ಕೈಗೆ ಕೊಟ್ಟ ಹಾಗೆ ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ಪಕ್ಕದವನನ್ನೂ ಕರೆದು ಇನ್ನೊಮ್ಮೆ ತೋರಿಸಿ ಎಂದು ಸನ್ನೆ ಮಾಡಿದಳು. ನಾನು ಇನ್ನೊಂದು ದೋಸೆ ಹೊಯ್ದೆ. ವಿದೇಶದಲ್ಲಿ ನಾನು ಮಾಡಿದ ಮೊದಲ ಅಡುಗೆ ಅದು.

ಹೊರಗೆ ಬಂದರೆ ಮಗಳು ಮಮತಾ, ಅಳಿಯ ಹರೀಶ, ಅವರ ನಡುವೆ ನನ್ನ ಮೊಮ್ಮಗಳು ಸಾನ್ವಿ! ಎರಡು ವರ್ಷದ ಮಗುವಾಗಿದ್ದಾಗ ಎತ್ತಿಕೊಂಡದ್ದು. ಈಗ ಎಂಟು. ಅಲ್ಲಿಯವರೆಗೆ ಎಲ್ಲ ಫೋನಿನಲ್ಲಿಯೇ. ಓಡಿ ಬಂದು ನನ್ನ ಎದುರು ಗಕ್ಕನೆ ನಿಂತು ಮೇಲಿಂದ ಕೆಳಗೆ ನೋಡಿದಳು.

“ಅಜ್ಜಿ, ಯು ಆರ್ ಸೋ ಸ್ಮಾಲ್!”

ಫೋನಿನಲ್ಲಿ ನನ್ನ ಮುಖ ಮಾತ್ರ ಪರದೆ ತುಂಬ ಕಾಣುತ್ತಿತ್ತಲ್ಲ, ಅಜ್ಜಿ ಎಂದರೆ ಬಾಗಿಲಿನಷ್ಟು ಎತ್ತರ ಎಂದು ತಿಳಿದಿದ್ದಳಂತೆ. ನಾನು ಅವಳನ್ನು ಅಪ್ಪಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ.

ಎರಡು ದಿನ ದುಬೈಯ ಕರಾಮ ಎಂಬಲ್ಲಿ ಹರೀಶನ ಅಣ್ಣನ ಮನೆಯಲ್ಲಿ ಇದ್ದೆವು. ಬೆಳಿಗ್ಗೆ ಕೆಳಗೆ ಇಳಿದರೆ ಒಂದು ಕಡೆ ತುಳು, ಇನ್ನೊಂದು ಕಡೆ ಬ್ಯಾರಿ ಭಾಷೆ, ಎದುರು ಹೋಟೆಲಿನಲ್ಲಿ ಗೋಳಿಬಜೆ. ಅಂಗಡಿಯ ಬ್ಯಾರಿ ಸಾಯಿಬರು, “ಯಾವ ಊರು ಅಕ್ಕ? ಹೋ, ನಮ್ಮ ಮಾವನ ಮನೆ ಅಲ್ಲಿಯೇ ಅಲ್ಲವಾ!” ಎಂದು ಕುರ್ಚಿ ಕೊಟ್ಟರು. ನನಗೆ ಸ್ವಲ್ಪ ಬೇಸರವೇ ಆಯಿತು. ಇಷ್ಟು ದೂರ ಹಾರಿ ಬಂದು ಮತ್ತೆ ನಮ್ಮೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಂದ ಹಾಗೆ!

“ತಡೆಯಿರಿ ಅತ್ತೆ,” ಹರೀಶ ಹೇಳಿದ. “ನಾಳೆ ಬೆಟ್ಟಕ್ಕೆ ಹೋಗುವ. ಅಲ್ಲಿ ಗೋಳಿಬಜೆ ಬೇಕಾದ್ರೆ ನೀವೇ ಮಾಡಬೇಕು.”

ಬೆಟ್ಟದ ದಾರಿ

ನನ್ನ ಮಗಳು ಮೊದಲು ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಬಂದವರನ್ನು ನಗುತ್ತಾ ಮಾತನಾಡಿಸುವ ಕೆಲಸದಲ್ಲಿ ಇದ್ದಳು. ಅಳಿಯ ಅಲ್ ಕೂಜ್‌ನಲ್ಲಿ ಎಸಿ ರಿಪೇರಿ ವರ್ಕ್‌ಶಾಪಿನಲ್ಲಿ. ಕಳೆದ ವರ್ಷ ಇಬ್ಬರೂ ಕೆಲಸ ಬಿಟ್ಟು, ದುಬೈಯದ್ದೇ ಆದ ಹತ್ತಾ ಎಂಬ ಬೆಟ್ಟದ ಊರಿನ ಹೊರಗೆ ಒಂದು ಹಾಸ್ಟೆಲು ವಹಿಸಿಕೊಂಡರು. ಹಾಸ್ಟೆಲು ಎಂದರೆ ಶಾಲೆ ಮಕ್ಕಳದ್ದಲ್ಲ. ಬೆಟ್ಟ ಹತ್ತಲು, ಸೈಕಲ್ ತುಳಿಯಲು ಬರುವವರು ಒಂದೆರಡು ರಾತ್ರಿ ಮಲಗಿ ಹೋಗುವ ಮನೆ. ಬೇಸಿಗೆಯಿಡೀ ಬಾಗಿಲು ಹಾಕಿರುತ್ತದೆ, ಆ ಬಿಸಿಲಿಗೆ ಹಲ್ಲಿಯೂ ಕಲ್ಲಿನ ಮೇಲೆ ಕೂರುವುದಿಲ್ಲವಂತೆ. ಅಕ್ಟೋಬರಿನಲ್ಲಿ ತೆರೆಯುವುದು. ಅದಕ್ಕೇ ನನ್ನನ್ನು ಆಗ ಕರೆಸಿಕೊಂಡದ್ದು.

ಕಾರು ಊರು ಬಿಟ್ಟ ಮೇಲೆ ಬರೀ ಕೆಂಪು ಮರಳು. ಮರಳಿನ ನಡುವೆ ಒಂಟೆಗಳು ನಮ್ಮೂರಿನ ದನಗಳ ಹಾಗೆ ತಮ್ಮಷ್ಟಕ್ಕೆ ಹೋಗುತ್ತಿದ್ದವು. ಆಮೇಲೆ ಬಂತು ನೋಡಿ ಬೆಟ್ಟ! ಒಂದರ ಹಿಂದೆ ಒಂದು, ಕಂದು, ಬೂದಿ, ಸುಟ್ಟ ಇಟ್ಟಿಗೆಯ ಬಣ್ಣ. ಒಂದು ಹುಲ್ಲುಕಡ್ಡಿ ಇಲ್ಲ.

“ಇದೆಂತ ಮಾರಾಯ್ತಿ, ಬೆಟ್ಟಕ್ಕೆ ಬಟ್ಟೆಯೇ ಇಲ್ಲ!” ಎಂದೆ.

ಸಾನ್ವಿ ನಕ್ಕು ನಕ್ಕು ಸೀಟಿನಿಂದ ಜಾರಿದಳು. ಮಮತಾ ಮಾತ್ರ ನಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಏನೆಂದು ಕೇಳಿದೆ. ಆಗ ವಿಷಯ ಹೊರಗೆ ಬಂತು.

ಮನೆಯ ಯಜಮಾನರು ಅಬುಧಾಬಿಯಲ್ಲಿ ಇರುವ ಒಬ್ಬ ಅರಬ್ಬಿ ಹಿರಿಯರು. ಇಲ್ಲಿ ದುಡಿಯುವವರು ಅವರನ್ನು ಅರ್ಬಾಬ್ ಎನ್ನುತ್ತಾರೆ, ನಮ್ಮ ಧನಿಗಳು ಎಂದ ಹಾಗೆ. ಅವರು ಒಂದು ವರ್ಷಕ್ಕೆ ಮಾತ್ರ ಕೊಟ್ಟು ನೋಡಿದ್ದಾರೆ. ಸಿಟಿಯ ಒಂದು ಕಂಪನಿ ಅದೇ ಜಾಗ ಕೇಳುತ್ತಿದೆ, ಟೆಂಟು ಹಾಕಿ ಸಂಗೀತ ಗಿಂಗೀತ ಇಡುತ್ತದಂತೆ. ಡಿಸೆಂಬರಿನ ರಾಷ್ಟ್ರೀಯ ದಿನದ ರಜೆಗೆ ಅರ್ಬಾಬ್ ಕುಟುಂಬ ಸಮೇತ ಬಂದು ಉಳಿಯುತ್ತಾರೆ, ಹೋಗುವ ಮೊದಲು ಹೌದೋ ಅಲ್ಲವೋ ಹೇಳುತ್ತಾರೆ.

“ಅಲ್ಲ ಅಂದರೆ?”

“ಅಲ್ಲ ಅಂದ್ರೆ ನಾವು ಪುನಃ ಕರಾಮಕ್ಕೆ, ಶೇರಿಂಗ್ ರೂಮಿಗೆ. ಸಾನ್ವಿಯನ್ನು ಊರಿಗೆ ಕಳಿಸಬೇಕಾದೀತು ಅಮ್ಮ.”

ಸಾನ್ವಿ ಊರಿಗೆ ಬಂದರೆ ನನ್ನ ಹತ್ತಿರವೇ ಅಲ್ಲವೇ? ಒಂದು ಕ್ಷಣ ಮನಸ್ಸು ಹಿಗ್ಗಿದ್ದು ಸುಳ್ಳಲ್ಲ. ಆದರೆ ಕನ್ನಡಿಯಲ್ಲಿ ಮಗಳ ಮುಖ ಇನ್ನೊಮ್ಮೆ ನೋಡಿದ ಮೇಲೆ ಆ ಹಿಗ್ಗನ್ನು ನಾನೇ ಅದುಮಿದೆ. ಬಾಯಲ್ಲಿ, “ಹೌದು ಅಂತ ಹೇಳಿಸುವ ಬಿಡು. ಎಂಬತ್ತು ಮಕ್ಕಳಿಗೆ ಅನ್ನ ಹಾಕಿದವಳು ನಾನು,” ಎಂದೆ.

ಕಲ್ಲಿನ ಮನೆ

ಮನೆ ನೋಡಿ ನಾನು ಕುಣಿಯುವುದೊಂದೇ ಬಾಕಿ. ಕಲ್ಲಿನ ಗೋಡೆ, ಎದುರು ಬೋರೆ ಮರ, ಹಿಂದೆ ಖರ್ಜೂರದ ತೋಟಗಳು, ಅದರಾಚೆ ಮತ್ತೆ ಬೆತ್ತಲೆ ಬೆಟ್ಟ. ಆರು ಕೋಣೆ. ಕೋಣೆಯಲ್ಲಿ ರೈಲಿನ ಹಾಗೆ ಒಂದರ ಮೇಲೊಂದು ಮಂಚ. ಬಂದವರಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಜಗಳವೇ ಇಲ್ಲ, ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಏಣಿ ಹತ್ತಿ ಮಲಗುತ್ತಾರೆ.

ಮೊದಲ ವಾರ ಹಾಸಿಗೆ ಬಿಸಿಲಿಗೆ ಹಾಕುವುದು, ನಾಲ್ಕು ತಿಂಗಳ ಧೂಳು ಗುಡಿಸುವುದು, ನಲ್ಲಿಯೊಳಗೆ ಗೂಡು ಕಟ್ಟಿದ ಹುಳ ತೆಗೆಯುವುದು. ಹರೀಶ ಎಸಿ ಬಿಚ್ಚಿ ಕುಳಿತರೆ ನಾನು ಗೋಡೆಯ ಜೇಡರ ಬಲೆಗೆ ಹಿಡಿಸೂಡಿ ಕಟ್ಟಿದ ಕೋಲು ಹಿಡಿದು ನಿಂತೆ. ನನ್ನ ಅಕ್ಕಿ ಡಬ್ಬಕ್ಕೆ ಹೋಯಿತು, ಖಾಲಿ ಗೋಣಿಚೀಲ ಅಡುಗೆಮನೆಯ ಹಿಂಬಾಗಿಲಿಗೆ ಕಾಲೊರಸು ಆಯಿತು.

ಆಮೇಲೆ ಜನ ಬಂದರು! ಶುಕ್ರವಾರ ಸಂಜೆ ಒಂದೊಂದೇ ಕಾರು. ಬಿಳಿಯರು, ಫಿಲಿಪೀನ್ಸಿನವರು, ಕೇರಳದವರು, ಆಫೀಸಿನಿಂದ ನೇರ ಬಂದ ನಮ್ಮವರು. ಎಲ್ಲರದ್ದೂ ಒಂದೇ ಅಭ್ಯಾಸ. ಬೆನ್ನಿಗೆ ಮನೆಯಷ್ಟು ದೊಡ್ಡ ಚೀಲ, ಕೈಯಲ್ಲಿ ನೀರಿನ ಬಾಟಲಿ. ಒಬ್ಬರು ಊಟ ಮಾಡುವಾಗ ಇನ್ನೊಬ್ಬರು ನಿದ್ದೆ ಮಾಡುತ್ತಾರೆ. ಒಬ್ಬ ಬಿಳಿಯ ಹುಡುಗ ಅನ್ನಕ್ಕೆ ಜಾಮ್ ಹಾಕಿಕೊಂಡು ತಿಂದ. ನಾನು ತಿರುಗಿ ನಿಂತೆ, ನೋಡಲಾಗಲಿಲ್ಲ.

ಎರಡನೇ ವಾರ ನನ್ನಿಂದ ಸುಮ್ಮನಿರಲಾಗಲಿಲ್ಲ. ಬೆಟ್ಟ ಇಳಿದು ಬಂದವರ ಕಾಲು ನೋಡಿದರೆ ಪಾಪ ಎನಿಸುತ್ತದೆ. ಬೊಕ್ಕೆ ಎದ್ದು, ಬೆರಳು ಕೆಂಪಾಗಿ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಕಚ್ಚಲು ಬೆಲ್ಲ. ಕುಶಲ ಕೇಳುವುದು ಅದರ ನಂತರ. ನಾನು ಬೋರೆ ಮರದ ಕೆಳಗೆ ಎರಡು ಬಾಲ್ದಿ ಬಿಸಿನೀರು, ಒಂದು ಮುಷ್ಟಿ ಉಪ್ಪು ಹಾಕಿ ಇಟ್ಟೆ. ಪಕ್ಕದಲ್ಲಿ ತಟ್ಟೆಯಲ್ಲಿ ಬೆಲ್ಲ.

“ಅಮ್ಮ! ಇಲ್ಲಿ ಚೆಕ್-ಇನ್ ಅಂತ ಉಂಟು. ಮೊದಲು ಪಾಸ್‌ಪೋರ್ಟ್ ನೋಡಬೇಕು,” ಮಮತಾ ಕೈ ಕೈ ಹಿಸುಕಿದಳು.

“ಕಾಲು ತೊಳೆಯುತ್ತಾ ಇರುವಾಗ ನೋಡು. ಪಾಸ್‌ಪೋರ್ಟು ಕಾಲಿನಲ್ಲಿ ಉಂಟಾ?”

ಸೈಕಲಿನ ಒಬ್ಬ ಹೆಂಗಸು ನೀರಿಗೆ ಕಾಲು ಇಳಿಸಿ, ಕಣ್ಣು ಮುಚ್ಚಿ, ಬೆಲ್ಲ ಬಾಯಿಗೆ ಹಾಕಿಕೊಂಡು ಅರ್ಧ ಗಂಟೆ ಏಳಲಿಲ್ಲ. ಮರುವಾರ ಅವಳ ಗೆಳತಿಯರು ಐದು ಜನ ಬಂದು, ಕಾರಿನಿಂದ ಇಳಿದ ಕೂಡಲೇ, ಇನ್ನೂ ಒಂದು ಕಲ್ಲನ್ನೂ ಹತ್ತದೆ, ಕಾಲು ಚಾಚಿ ಕುಳಿತರು! ಆವತ್ತಿನಿಂದ ಮಮತಾ ಬಾಲ್ದಿಯ ಬಗ್ಗೆ ಮಾತಾಡಲಿಲ್ಲ. ಇನ್ನೂ ಎರಡು ತಂದಿಟ್ಟಳು.

ನವೆಂಬರ್ ಅರ್ಧ ಕಳೆಯುವಾಗ ಗಾಳಿಗೆ ತಂಪು ಬಂತು. ಬೆಳಿಗ್ಗೆ ಶಾಲು ಬೇಕಾಯಿತು. ದುಬೈಯಲ್ಲಿ ಚಳಿ! ಊರಿಗೆ ಫೋನ್ ಮಾಡಿ ಹೇಳಿದರೆ ತಂಗಿ ನಂಬಲೇ ಇಲ್ಲ.

ಕಾಲುವೆ

ಅಡುಗೆಮನೆಯ ಹಿಂದೆ ನಾನು ಊರಿನಿಂದ ತಂದ ಹರಿವೆ ಬೀಜ ಬಿತ್ತಿದ್ದೆ. ಮೊಳಕೆ ಬಂದಾಗ ನನಗೂ ಸಾನ್ವಿಗೂ ಆದ ಖುಷಿ ಕೇಳಬೇಡಿ. ಶಾಲೆಯ ವ್ಯಾನಿನಿಂದ ಇಳಿದವಳು ಬ್ಯಾಗು ಎಸೆದು ಮೊದಲು ಅಲ್ಲಿಗೆ ಓಡುತ್ತಿದ್ದಳು.

ಆ ಪಾತಿಯ ಅಂಚಿನಲ್ಲಿಯೇ ಒಂದು ಕಲ್ಲಿನ ಕಾಲುವೆ. ಮೊಳಕೈ ಅಗಲ, ಅಷ್ಟೇ ಆಳ. ಬೆಟ್ಟದ ಬುಡದ ಒರತೆಯಿಂದ ಬರುವ ನೀರು. ಅದನ್ನು ಫಲಜ್ ಎನ್ನುತ್ತಾರೆ. ಬೆಳಗ್ಗೆಯಿಡೀ ನೀರು ಗಳಗಳ ಎಂದು ಹೋಗುತ್ತಾ ಇರುವಾಗ, ಅದರ ಪಕ್ಕದಲ್ಲಿಯೇ ನನ್ನ ಹರಿವೆ ತಲೆ ಬಗ್ಗಿಸಿ ನಿಂತಿತ್ತು.

ನಮ್ಮೂರಿನಲ್ಲಿ ದೀಪಾವಳಿ ಕಳೆದ ಮೇಲೆ ತೋಡಿಗೆ ಕಟ್ಟ ಕಟ್ಟುವುದುಂಟು. ಕಲ್ಲು, ಮಣ್ಣು, ಸೊಪ್ಪು ಹಾಕಿ ಹರಿಯುವ ನೀರನ್ನು ಅಡ್ಡ ನಿಲ್ಲಿಸುವುದು. ನಾನು ಹತ್ತು ವರ್ಷದವಳಿದ್ದಾಗಿನಿಂದ ಆ ಕೆಲಸಕ್ಕೆ ಹೋದವಳು. ಸಾನ್ವಿಗೆ ಶಾಲೆ ರಜೆ ಇದ್ದ ಒಂದು ವಾರ, ಮಂಗಳವಾರ ಬೆಳಿಗ್ಗೆ ಕಾಲೊರಸಿನ ಗೋಣಿಚೀಲ ತೆಗೆದು, ಅದಕ್ಕೆ ಮಣ್ಣು ತುಂಬಿ, ಕಾಲುವೆಯ ಬಾಯಿಗೆ ಇಟ್ಟು, ಎರಡು ಕಲ್ಲು ಒತ್ತಿದೆ. ನೀರು ಪಾತಿಗೆ ತಿರುಗಿತು. ಹರಿವೆ ಕುಡಿಯಿತು, ನೋಡುತ್ತಾ ನೋಡುತ್ತಾ ನನಗೆ ನಾನೇ ಭೇಷ್ ಎಂದುಕೊಂಡೆ. ಒಳಗೆ ಹೋಗಿ ದೋಸೆಗೆ ಕಾವಲಿ ಇಟ್ಟೆ.

ನಾನು ಮಾಡಿದ ತಪ್ಪು ಏನೆಂದರೆ, ನಮ್ಮ ಕಟ್ಟದಲ್ಲಿ ನೀರು ತುಂಬಿದ ಮೇಲೆ ಉಳಿದದ್ದು ಮೇಲಿನಿಂದ ಹಾರಿ ಕೆಳಗಿನವರಿಗೆ ಹೋಗುತ್ತದೆ, ಯಾರಿಗೂ ನಷ್ಟ ಇಲ್ಲ. ಇಲ್ಲಿ ಮೊಳಕೈ ಅಗಲದ ಕಾಲುವೆ. ಅಡ್ಡ ಇಟ್ಟರೆ ಮುಗಿಯಿತು, ಕೆಳಗಿನವರಿಗೆ ಒಂದು ಹನಿ ಇಲ್ಲ.

ಒಂದು ಗಂಟೆ ಹೊತ್ತು ಕಳೆದಿರಬೇಕು. ಒಂಬತ್ತು ಜನ ಅತಿಥಿಗಳು ಅಂಗಳದಲ್ಲಿ ನೀರುದೋಸೆ ತಿನ್ನುತ್ತಿದ್ದರು. ಗೇಟಿನಲ್ಲಿ ಒಬ್ಬ ಮುದುಕಿ ನಿಂತಳು. ಕಪ್ಪು ಬಟ್ಟೆ, ಮುಖದ ಮೇಲೆ ಇಲ್ಲಿನ ಹಳೆಯ ಹೆಂಗಸರು ಕಟ್ಟುವ, ತಾಮ್ರದ ಹಾಗೆ ಹೊಳೆಯುವ ಬಟ್ಟೆಯ ಮುಖವಾಡ, ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯಲ್ಲಿ ನನ್ನ ಗೋಣಿಚೀಲ! ಮಣ್ಣು ಚೆಲ್ಲಿ, ನೀರು ತೊಟ್ಟಿಕ್ಕುತ್ತಾ ಇತ್ತು.

ಅವಳು ಗಟ್ಟಿಯಾಗಿ ಏನೋ ಕೇಳಿದಳು. ಸಾನ್ವಿಗೆ ಶಾಲೆಯಲ್ಲಿ ಅರಬ್ಬಿ ಕಲಿಸುತ್ತಾರೆ. ಅವಳು ಮೆಲ್ಲ ಹೇಳಿದಳು, “ಅಜ್ಜಿ, ಇದು ಇಟ್ಟದ್ದು ಯಾರು ಅಂತ ಕೇಳ್ತಾರೆ. ಶಿ ಈಸ್ ವೆರಿ ಆಂಗ್ರಿ.”

ಮಮತಾ ಬಿಳಿಚಿಹೋಗಿದ್ದಳು. “ಮಾಫಿ ಮಾಲೂಮ್, ಮಾಮಾ,” ಎಂದಳು, ಗೊತ್ತಿಲ್ಲ ಎಂದು. ಇಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎಂದೇ ಕರೆಯುವುದು.

ಮಗಳು ನನ್ನನ್ನು ಉಳಿಸಲು ಸುಳ್ಳು ಹೇಳಿದ್ದು. ಆದರೆ ಚೀಲದ ಮೇಲೆ ನನ್ನ ಹೆಸರು ಇತ್ತು. ಮುದುಕಿಗೆ ಅದನ್ನು ಓದಲು ಬರುತ್ತಿರಲಿಲ್ಲ ಸರಿ, ನನಗಂತೂ ಓದಲು ಬರುತ್ತಿತ್ತಲ್ಲ! ನಾನು ಶಾಲೆ ಮಕ್ಕಳ ಹಾಗೆ ಕೈ ಎತ್ತಿದೆ.

ಮುದುಕಿ ನನ್ನನ್ನು ಒಂದು ನಿಮಿಷ ನೋಡಿದಳು. ಚೀಲವನ್ನು ತನ್ನ ಜೊತೆಗೇ ತೆಗೆದುಕೊಂಡು ಹೋದಳು.

“ಅವರು ಯಾರು ಗೊತ್ತುಂಟಾ ಅಮ್ಮ?” ಮಮತಾ ಬೆಂಚಿನ ಮೇಲೆ ಕುಸಿದಳು. “ಮಾಮಾ ಮರಿಯಂ. ಅರ್ಬಾಬರ ಅಕ್ಕ. ಕೆಳಗಿನ ತೋಟ ಅವರದ್ದು. ಮಂಗಳವಾರ ಬೆಳಿಗ್ಗೆ ನೀರು ಅವರ ಸರದಿ. ನಮಗೆ ಇರುವುದು ಗುರುವಾರ ಮಾತ್ರ, ಅರ್ಧ ಗಂಟೆ.”

ನನಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ.

ಅಬುಧಾಬಿ

ಹರೀಶ ತಡಮಾಡಲಿಲ್ಲ. “ಅಕ್ಕ ಫೋನ್ ಮಾಡುವ ಮೊದಲು ನಾವೇ ಹೋಗಿ ಹೇಳುವ,” ಎಂದು ಮರುದಿನವೇ ಎಲ್ಲರನ್ನೂ ಅಬುಧಾಬಿಗೆ ಹೊರಡಿಸಿದ. ದಾರಿಯಲ್ಲಿ ಬೆಣ್ಣೆಯಲ್ಲಿ ಮಾಡಿದ ಹಾಗಿರುವ ದೊಡ್ಡ ಬಿಳಿ ಮಸೀದಿ ತೋರಿಸಿದರು. ನೀಲಿ ಸಮುದ್ರ ತೋರಿಸಿದರು. ಬೇರೆ ದಿನವಾಗಿದ್ದರೆ ನಾನು ಕಾರು ನಿಲ್ಲಿಸಿ ಇಳಿಯದೆ ಬಿಡುತ್ತಿರಲಿಲ್ಲ. ಆವತ್ತು ಮಾತ್ರ ಕಣ್ಣು ಅಲ್ಲಿ, ಜೀವ ಕಾಲುವೆಯಲ್ಲಿ.

ಅರ್ಬಾಬ್ ಎಂದರೆ ಎಷ್ಟು ಗರ್ವದವರೋ ಎಂದು ಹೆದರಿದ್ದೆ. ನೋಡಿದರೆ ಎಲುಬು ಎಲುಬಿನ, ನಗುಮುಖದ ಮನುಷ್ಯ. ದೊಡ್ಡ ಹಾಲ್, ಸುತ್ತ ಸೋಫಾ. ನನಗೆ ಸೋಫಾದಲ್ಲಿ ಕುಳಿತು ತಪ್ಪು ಒಪ್ಪಿಕೊಳ್ಳಲು ಬರುವುದಿಲ್ಲ, ನೆಲದ ಕಂಬಳಿಯಲ್ಲಿ ಕುಳಿತೆ. ಅವರೂ ಸೋಫಾ ಬಿಟ್ಟು ಎದುರು ಚಕ್ಕಳಮಕ್ಕಳ ಹಾಕಿ ಕುಳಿತು ಖರ್ಜೂರದ ತಟ್ಟೆ ಮುಂದೆ ತಳ್ಳಿದರು. ನಮ್ಮವರ ಜೊತೆ ವ್ಯಾಪಾರ ಮಾಡಿದ ಹಳೆಯ ತಲೆಯವರಾದ್ದರಿಂದ ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನದು ಟಿವಿಯಲ್ಲಿ ಕಲಿತ ಹಿಂದಿ. ಮಧ್ಯೆ ಮಧ್ಯೆ ಮಮತಾ ತೇಪೆ ಹಾಕಿದಳು.

ನಡೆದದ್ದನ್ನು ಕೇಳಿ ಅವರು ಗಡ್ಡ ತೀಡಿಕೊಂಡರು.

“ಅಮ್ಮಾ, ಮನೆ ನನ್ನದು. ನೀರು ನನ್ನದಲ್ಲ. ಅಲ್ಲಿ ಯಾರಿಗೆ ಯಾವಾಗ ನೀರು ಅಂತ ನೋಡಿಕೊಳ್ಳುವುದು ಅಕ್ಕ. ಮೊದಲು ನನ್ನ ಅಪ್ಪ ನೋಡ್ತಿದ್ದರು. ಚಿಕ್ಕವನಿದ್ದಾಗ ನಾನೂ ಒಮ್ಮೆ ನೀರು ಕದ್ದಿದ್ದೆ.”

“ಆಮೇಲೆ?” ಸಾನ್ವಿ ಕೇಳಿದಳು.

“ಆಮೇಲೆ ಎಂತ? ಅಕ್ಕ ಹೊಡೆದಳು!”

ಎಲ್ಲರೂ ನಕ್ಕರು. ಆದರೆ ಬಾಗಿಲ ತನಕ ಬಂದು ಬೀಳ್ಕೊಡುವಾಗ ಹರೀಶನಿಗೆ ಹೇಳಿದ ಮಾತಿನಲ್ಲಿ ನಗು ಇರಲಿಲ್ಲ. “ಅಕ್ಕನ ಜೊತೆ ಸರಿ ಮಾಡಿಕೊಳ್ಳಿ. ಅವಳಿಗೆ ಬೇಡವಾದವರನ್ನು ಆ ಮನೆಯಲ್ಲಿ ಇಡಲು ನನಗೆ ಆಗುವುದಿಲ್ಲ.”

ಹಿಂದೆ ಬರುವಾಗ ಕಾರಿನಲ್ಲಿ ಮಮತಾ ಬೆರಳು ಮಡಚಿ ದಿನ ಎಣಿಸಿದಳು. ರಜೆಗೆ ಇನ್ನು ಎರಡೂವರೆ ವಾರ ಇತ್ತು.

ಮಾಮಾ ಮರಿಯಂಳ ತೋಟ

ಮರುದಿನ ಸಂಜೆ ಸಾನ್ವಿಯ ಕೈ ಹಿಡಿದು ನಾನೇ ಹೋದೆ. ಮಮತಾ ಬರುತ್ತೇನೆ ಎಂದಳು, ಬೇಡ ಎಂದೆ. ಖರ್ಜೂರದ ಕೆಳಗೆ ಲಿಂಬೆ, ಲಿಂಬೆಯ ಕೆಳಗೆ ಕುದುರೆಮೆಂತೆ ಸೊಪ್ಪು, ಒಂದು ಮೂಲೆಯಲ್ಲಿ ಆಡುಗಳು. ಮಾಮಾ ಮರಿಯಂ ಚಾಪೆಯ ಮೇಲೆ ಕುಳಿತು ಆಡಿಗೆ ಒಣರೊಟ್ಟಿ ಮುರಿದು ಹಾಕುತ್ತಿದ್ದಳು. ಕೈಯಲ್ಲಿ ಗಂಡಸರ ದೊಡ್ಡ ವಾಚು.

ನಾನು ತುಳುವಿನಲ್ಲಿ ಹೇಳಿದ್ದನ್ನು ಸಾನ್ವಿ ಅರಬ್ಬಿಯಲ್ಲಿ ಹೇಳಿದಳು. ಉತ್ತರ ಬಂದಾಗ ತಲೆ ಕೆರೆದುಕೊಂಡು ತನ್ನದೇ ಬೆರಕೆ ಭಾಷೆಗೆ ತಿರುಗಿಸಿದಳು.

“ಅಜ್ಜಿ, ಸಾರಿ ಬೇಡವಂತೆ. ವಾಟರ್ ತಗೊಂಡ್ರೆ ವಾಟರೇ ಕೊಡಬೇಕಂತೆ. ನಮ್ಮ ಎರಡು ಥರ್ಸ್‌ಡೇ ಅವರಿಗೆ.”

“ಕೊಟ್ಟೆ ಅಂತ ಹೇಳು.”

“ಇನ್ನೂ ಒಂದು ಉಂಟು. ಮುಂದಿನ ವಾರ ಎಲ್ಲರೂ ಫಲಜ್ ಕ್ಲೀನ್ ಮಾಡ್ತಾರಂತೆ. ನೀರು ಕುಡಿಯುವ ಮನೆಯಿಂದ ಒಬ್ಬರು ಬರಬೇಕಂತೆ. ನಮ್ಮ ಮನೆಯಿಂದ ಯಾವತ್ತೂ ಯಾರೂ ಬರಲಿಲ್ಲವಂತೆ.”

“ನಾನು ಬರ್ತೇನೆ ಅಂತ ಹೇಳು.”

ಸಾನ್ವಿ ಹೇಳಿದಳು. ಮಾಮಾ ಮರಿಯಂ ಮುಖವಾಡದ ಒಳಗಿಂದ ಒಂದು ‘ಹುಂ’ ಅಂದಳು. ಅದಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಇವಳಿಂದ ಆಗುವ ಕೆಲಸವಾ ಎಂದು.

ಆ ಎರಡು ವಾರ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಅತಿಥಿಗಳ ಕಾಲು ತೊಳೆದ ಬಾಲ್ದಿಗೆ ಉಪ್ಪು ಹಾಕುವುದನ್ನೂ ನಿಲ್ಲಿಸಿ ಆ ನೀರು, ಎಲ್ಲ ಹರಿವೆಗೆ. ಅದು ಸಾಯಲಿಲ್ಲ.

ಕಾಲುವೆಯ ಹೂಳು ತೆಗೆಯುವ ದಿನ ತೋಟದವರ ಕಡೆಯಿಂದ ಬಂದವರೆಲ್ಲ ಗಂಡಾಳುಗಳು, ಬಾಂಗ್ಲಾದವರು, ಪಾಕಿಸ್ತಾನದವರು. ನಾನು ಸೀರೆ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಬರಿಗಾಲಿನಲ್ಲಿ ಇಳಿದೆ. ನೀರು ಎಷ್ಟು ತಂಪು! ಚಿಕ್ಕ ಮೀನುಗಳು ಕಾಲಿಗೆ ಮುತ್ತಿಟ್ಟವು. “ಅಮ್ಮಾ, ಆಪ್ ಬೈಠಿಯೇ,” ಎಂದು ಒಬ್ಬ ಬಂಗಾಳಿ ಗುದ್ದಲಿ ಕಿತ್ತುಕೊಳ್ಳಲು ಬಂದ. ನಾನು ಕೊಡಲಿಲ್ಲ. ಕೆಸರು ಎತ್ತಿ ದಡಕ್ಕೆ ಹಾಕುವಾಗ ನನಗೆ ವಯಸ್ಸೇ ಮರೆತುಹೋಯಿತು.

ನಮ್ಮ ಮನೆಗೂ ಮಾಮಾ ಮರಿಯಂಳ ತೋಟಕ್ಕೂ ನಡುವೆ ಒಂದು ಖರ್ಜೂರದ ಬುಡ. ಅದರ ಬೇರು ಕಾಲುವೆಯ ಕಲ್ಲು ಎತ್ತಿತ್ತು. ಕೈ ಇಟ್ಟು ನೋಡಿದರೆ ಒಳಗಿಂದ ನೀರು ಸುಂಯ್ ಎಂದು ಎಳೆಯುತ್ತಾ ಇದೆ! ನಮ್ಮ ಕಟ್ಟದಲ್ಲಿ ಏಡಿ ತೂತು ಮಾಡಿದರೆ ಹೀಗೆಯೇ ಎಳೆಯುವುದು. ಮೇಲಿನಿಂದ ಕಾಣುವುದಿಲ್ಲ, ಅಂಗೈಗೆ ಗೊತ್ತಾಗುತ್ತದೆ. ಅಲ್ಲಿಯವರು ಸಿಮೆಂಟು ಮೆತ್ತಿ ಮೆತ್ತಿ ಬಿಟ್ಟಿದ್ದರು, ಬೇರು ಬೆಳೆದ ಹಾಗೆ ಸಿಮೆಂಟು ಬಿರಿದಿತ್ತು. ನಾನು ಮೇಲೆ ನೀರು ತಡೆಯಲು ಹೇಳಿ, ದಡದ ಅಂಟುಮಣ್ಣು ತರಿಸಿ, ಖರ್ಜೂರದ ಮಟ್ಟೆಯ ನಾರು ಕತ್ತರಿಸಿ ಹಾಕಿ, ಕಾಲಿನಲ್ಲಿ ತುಳಿದು ಹದ ಮಾಡಿ, ಉಂಡೆ ಉಂಡೆಯಾಗಿ ತೂತಿಗೆ ತುರುಕಿ ಹಿಮ್ಮಡಿಯಲ್ಲಿ ಒತ್ತಿದೆ. ನಾರು ಇದ್ದರೆ ಮಣ್ಣು ಬೇರಿನ ಜೊತೆ ಬಗ್ಗುತ್ತದೆ, ಬಿರಿಯುವುದಿಲ್ಲ. ನಾವು ಊರಿನಲ್ಲಿ ಬೈಹುಲ್ಲು ಹಾಕುತ್ತೇವೆ, ಅಷ್ಟೇ ವ್ಯತ್ಯಾಸ.

ಮಾಮಾ ಮರಿಯಂ ದಡದಲ್ಲಿ ಕೋಲು ಊರಿ ನಿಂತು ಎಲ್ಲ ನೋಡುತ್ತಿದ್ದಳು. ಕೆಲಸ ಮುಗಿದ ಮೇಲೆ ನೀರು ಬಿಡಲು ಹೇಳಿ, ವಾಚು ನೋಡುತ್ತಾ ತೋಟದ ಕಡೆಗೆ ನಡೆದಳು. ನಾವು ಕಾದೆವು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಅವಳ ಕೂಗು ಕೇಳಿತು. ಬಂಗಾಳಿ ನಕ್ಕು ಹಿಂದಿಯಲ್ಲಿ ಹೇಳಿದ, “ನೀರು ಇಷ್ಟು ಬೇಗ ಹೇಗೆ ಬಂತು ಅಂತ ಕೇಳ್ತಿದ್ದಾರೆ.”

ನನಗೆ ಆ ಕೆಸರಿನಲ್ಲಿಯೇ ಕುಣಿಯಬೇಕು ಎನಿಸಿತು. ಆದರೆ ಅವಳು ನನ್ನ ಹತ್ತಿರ ಬರಲಿಲ್ಲ, ಒಳ್ಳೆಯದಾಯಿತು ಎಂದು ಹೇಳಲೂ ಇಲ್ಲ. ನನ್ನ ಚೀಲ ಇನ್ನೂ ಅವಳ ಹತ್ತಿರವೇ ಇತ್ತು.

ರಜೆಯ ದಿನ

ಊರಿಡೀ ಬಾವುಟ. ಕಾರುಗಳಿಗೂ ಬಾವುಟ, ಒಂದು ಆಡಿನ ಕುತ್ತಿಗೆಗೂ. ಅರ್ಬಾಬ್ ಮೂರು ಕಾರಿನಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎಂದು ಹದಿನೇಳು ಜನರನ್ನು ತುಂಬಿಕೊಂಡು ಬಂದರು. ಮಮತಾ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹರೀಶ ಸುಮ್ಮನೆ ಸರಿ ಇರುವ ನಲ್ಲಿಯನ್ನೂ ಬಿಗಿ ಮಾಡುತ್ತಾ ತಿರುಗುತ್ತಿದ್ದ.

ಬಂದ ಮಕ್ಕಳೆಲ್ಲ ಸಾನ್ವಿಯ ಹಿಂದೆ ಬಾಲ್ದಿಗೆ ಕಾಲು ಇಳಿಸಿ ನೀರು ಎರಚಾಡಿದರು. ನಾನು ನೀರುದೋಸೆ ಹೊಯ್ದೇ ಹೊಯ್ದೆ. ಕೋಳಿಸಾರಿಗೆ ಅದ್ದಿ ತಿನ್ನುತ್ತಾ ಅರ್ಬಾಬರ ದೊಡ್ಡ ಮಗ, ಇದು ಬಟ್ಟೆಯಾ ರೊಟ್ಟಿಯಾ ಎಂದು ದೋಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಚೆಂದವೇ. ಆದರೆ ಎರಡನೇ ದಿನ ಸಂಜೆಯಾದರೂ ಅರ್ಬಾಬ್ ಮನೆಯ ಮಾತು ಎತ್ತಲಿಲ್ಲ. ಮಾಮಾ ಮರಿಯಂ ಈ ಕಡೆ ತಲೆ ಹಾಕಲಿಲ್ಲ.

ಮೂರನೇ ದಿನ ಬೆಳಿಗ್ಗೆ ಸಾಮಾನು ಕಾರಿಗೆ ತುಂಬುತ್ತಿದ್ದರು. ಮಮತಾ ನನ್ನ ಪಕ್ಕದಲ್ಲಿ ನಿಂತು ನನ್ನ ಸೆರಗಿನ ತುದಿ ಹಿಡಿದಿದ್ದಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಆಗ ಗೇಟಿನಲ್ಲಿ ಕೋಲಿನ ಸದ್ದು.

ಅವಳೇ. ಬಗಲಲ್ಲಿ ನನ್ನ ಗೋಣಿಚೀಲ. ತೊಳೆದು, ಒಣಗಿಸಿ, ಹರಿದಲ್ಲಿ ಹೊಲಿದು ತಂದಿದ್ದಳು. ಒಳಗೆ ಅವಳ ತೋಟದ ಲಿಂಬೆ. ತಮ್ಮನ ಕಡೆ ತಿರುಗಿಯೂ ನೋಡದೆ ನೇರ ನನ್ನ ಎದುರು ಬಂದು, ನೀಲಿ ಅಕ್ಷರದ ಮೇಲೆ ಬೆರಳಿಟ್ಟು ಏನೋ ಹೇಳಿದಳು.

“ಇದು ನಿನ್ನ ಹೆಸರಾ ಅಂತ, ಅಜ್ಜಿ,” ಸಾನ್ವಿ ಹೇಳಿದಳು.

ಹೌದು ಎಂದು ತಲೆ ಆಡಿಸಿದೆ.

“ಜಲಾಜಾ,” ಎಂದಳು ಮಾಮಾ ಮರಿಯಂ, ಸಾನ್ವಿ ಹೇಳಿಕೊಟ್ಟ ಹಾಗೆ. ಮತ್ತೆ ಉದ್ದಕ್ಕೆ ಮಾತಾಡಿದಳು. ಸಾನ್ವಿಯ ಕಣ್ಣು ದೊಡ್ಡದಾಗುತ್ತಾ ಹೋಯಿತು. “ಅಜ್ಜಿ! ಮುಂದಿನ ವರ್ಷದ್ದು ನೀರಿನ ಟರ್ನ್ ಫಿಕ್ಸ್ ಮಾಡಿದ್ರಂತೆ. ಗುರುವಾರ ನಮ್ಮದೇ. ಅರ್ಧ ಗಂಟೆ ಅಲ್ಲ, ಒಂದು ಗಂಟೆ! ತೂತಿನಲ್ಲಿ ಹೋಗ್ತಿದ್ದ ನೀರು ಉಳಿಯಿತಲ್ಲ, ಅದರಲ್ಲಿ ನಮಗೂ ಪಾಲಂತೆ. ಚೀಲ ಇನ್ನು ಗುರುವಾರ ಮಾತ್ರ ಇಡಬೇಕಂತೆ. ಬೇರೆ ದಿನ ಇಟ್ರೆ ಹೊಡೀತಾರಂತೆ!”

ಅರ್ಬಾಬ್ ಕಾರಿನ ಬಾಗಿಲು ಹಿಡಿದು ನಗುತ್ತಾ ನಿಂತಿದ್ದರು. ಹರೀಶನ ಹೆಗಲಿಗೆ ಕೈ ಹಾಕಿ ಹಿಂದಿಯಲ್ಲಿ ಹೇಳಿದರು, “ಕೇಳಿದಿಯಲ್ಲ? ನೀರು ನಿಮಗೆ ಕೊಟ್ಟಾಯಿತು. ನೀರು ಒಬ್ಬರಿಗೆ, ಮನೆ ಇನ್ನೊಬ್ಬರಿಗೆ ಹೇಗೆ ಕೊಡುವುದು? ಖಲಾಸ್. ಆ ಕಂಪನಿಗೆ ಇವತ್ತೇ ಹೇಳಿಬಿಡ್ತೇನೆ.”

ಮಮತಾ ನನ್ನ ಸೆರಗಿನಲ್ಲಿಯೇ ಮುಖ ಒರಸಿಕೊಂಡಳು. ನಾನು ಏನು ಮಾಡಿದೆ ಗೊತ್ತುಂಟಾ? ಮಾಮಾ ಮರಿಯಂಳ ಕೈ ಹಿಡಿದು ಬೋರೆ ಮರದ ಕೆಳಗೆ ಕೂರಿಸಿ, ಬಾಲ್ದಿಗೆ ಬಿಸಿನೀರು ತಂದು, ಬೆಲ್ಲದ ತಟ್ಟೆ ಮುಂದೆ ಇಟ್ಟೆ. ಅವಳು ಬೇಡ ಬೇಡ ಎಂದು ಕೋಲು ಬೀಸಿದಳು. ಆಮೇಲೆ ಚಪ್ಪಲಿ ಬಿಟ್ಟು ಕಾಲು ಇಳಿಸಿದಳು. ಬೆಲ್ಲ ಮುಖವಾಡದ ಕೆಳಗಿನಿಂದ ಒಳಗೆ ಹೋಯಿತು. ಇನ್ನೊಂದು ತುಂಡು ಬೇಕೆ ಎಂದು ಕೇಳಲೂ ಇಲ್ಲ, ತಾನೇ ತೆಗೆದುಕೊಂಡಳು.

ನಾನು ಊರಿಗೆ ಹೊರಡುವ ಮೊದಲು ಒಂದು ಗುರುವಾರ ಉಳಿದಿತ್ತು. ಬೆಳಿಗ್ಗೆ ಶಾಲು ಹೊದ್ದು, ಸರಿಯಾದ ಹೊತ್ತಿಗೆ, ಎಲ್ಲರ ಕಣ್ಣೆದುರೇ, ಚೀಲಕ್ಕೆ ಮಣ್ಣು ತುಂಬಿ ಕಾಲುವೆಗೆ ಇಟ್ಟೆ. ನನ್ನ ಹೆಸರು ಮೇಲೆ ಬರುವ ಹಾಗೆ ಇಟ್ಟೆ. ಸಾನ್ವಿ ಪಾತಿಯ ಆ ಕೊನೆಯಲ್ಲಿ ಬೆರಳ ತುದಿಯವರೆಗೆ ಸ್ವೆಟರಿನಲ್ಲಿ ಮುಳುಗಿ, ಹರಿವೆಯ ಪಕ್ಕ ಕುಕ್ಕರಗಾಲಿನಲ್ಲಿ ಕಾಯುತ್ತಿದ್ದಳು. ನೀರು ತಿರುಗಿ ಅವಳ ಕಡೆಗೆ ಹೋಯಿತು. ಆಮೇಲೆ ನೀರು ಬಂತು, ಬೇಗ ಬಾ ಎಂದು ಅರಬ್ಬಿ, ತುಳು, ಇಂಗ್ಲಿಷ್ ಎಲ್ಲ ಬೆರೆಸಿ, ಬೆಟ್ಟಕ್ಕೆ ಬಡಿದು ಬರುವ ಹಾಗೆ ಕೂಗಿದಳು:

“ಯಲ್ಲಾ ಅಜ್ಜಿ! ನೀರ್ ಬತ್ತ್ಂಡ್, ನೀರ್ ಬತ್ತ್ಂಡ್, ಕಮ್ ಫಾಸ್ಟ್!”

ನಾನು ಸೀರೆ ಎತ್ತಿ ಕಟ್ಟಿ ಓಡಿದೆ.